ಟಿಬಿಲಿಸಿಯ ಸ್ವಾತಂತ್ರ್ಯ ಚೌಕ: ನಡುವೆ ನಿಂತವರು ಹೋದರು, ಅಂಚಿನ ಕಟ್ಟಡಗಳು ಉಳಿದವು

ಕೊಪ್ಪದ ಹುಡುಗಿ (ಭಾನುವಾರ ಸಂಜೆ)

ಎಲ್ಲರಿಗೂ ನಮಸ್ಕಾರ. ನಾನು ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ಮೆಡಿಕಲ್ ಓದುತ್ತಿದ್ದೇನೆ. ಇದು ಐದನೇ ವರ್ಷ. ಕಳೆದ ತಿಂಗಳು ಅಪ್ಪ ಅಮ್ಮ ಬಂದಿದ್ದರು. ಮೊದಲ ದಿನವೇ ಅವರನ್ನು ಸ್ವಾತಂತ್ರ್ಯ ಚೌಕಕ್ಕೆ ಕರೆದುಕೊಂಡು ಹೋದೆ. ಅಪ್ಪ ಎತ್ತರದ ಕಂಬದ ತುದಿಯ ಚಿನ್ನದ ಮೂರ್ತಿಯನ್ನು ನೋಡಿದರು, ಒಂದು ಫೋಟೋ ತೆಗೆದರು, "ಸರಿ, ಮುಂದೆ ಎಲ್ಲಿಗೆ?" ಅಂದರು. ನನಗೆ ಬೇಜಾರಾಯಿತು. ಇಲ್ಲಿಗೆ ಬರುವ ಹೆಚ್ಚಿನವರು ಹೀಗೇ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಚೌಕಕ್ಕೆ ಜಾರ್ಜಿಯನ್ ಭಾಷೆಯಲ್ಲಿ 'ತಾವಿಸುಪ್ಲೆಬಿಸ್ ಮೊಯೆದಾನಿ' ಅನ್ನುತ್ತಾರೆ. ತಾವಿಸುಪ್ಲೆಬಾ ಅಂದರೆ ಸ್ವಾತಂತ್ರ್ಯ. ಮೊಯೆದಾನಿ ಅಂದರೆ ನಮ್ಮ ಮೈದಾನವೇ! ಪರ್ಷಿಯನ್ ಕಡೆಯಿಂದ ಹೊರಟ ಪದ ಒಂದು ಕಡೆ ಕಾಕಸಸ್ ಬೆಟ್ಟಗಳಿಗೆ ಹೋಯಿತು, ಇನ್ನೊಂದು ಕಡೆ ನಮ್ಮ ಊರಿಗೆ ಬಂತು. ಮೊದಲ ವರ್ಷ ಮೆಟ್ರೋದಲ್ಲಿ ಈ ಹೆಸರು ಕೇಳಿದಾಗ ನನಗೆ ಏನೂ ಹೊಳೆದಿರಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತು. ಅವತ್ತಿನಿಂದ ಈ ಜಾಗ ನನಗೆ ಹತ್ತಿರದ್ದಾಯಿತು.

ಇಲ್ಲಿ ಆರು ರಸ್ತೆಗಳು ಸೇರುತ್ತವೆ. ವಾಯವ್ಯಕ್ಕೆ ರುಸ್ತಾವೇಲಿ ಅವೆನ್ಯೂ, ಅಂದರೆ ಸಂಸತ್ ಭವನ, ಒಪೆರಾ, ಥಿಯೇಟರ್‌ಗಳು ಇರುವ ದೊಡ್ಡ ರಸ್ತೆ. ಕೆಳಗೆ ಹಳೇ ಊರಿಗೆ ಇಳಿಯುವುದು ಕೋತೆ ಅಫ್ಖಾಝಿ ಬೀದಿ. ಮೇಲೆ ಸೊಲೊಲಾಕಿ ಬಡಾವಣೆಗೆ ಹತ್ತುವ ಬೀದಿಗಳು. ಅಲ್ಲಿ ಹಳೇ ವ್ಯಾಪಾರಿಗಳ ಮರದ ಕೆತ್ತನೆಯ ಮನೆಗಳಿವೆ. ಇನ್ನೊಂದು ಪುಷ್ಕಿನ್ ಬೀದಿ. 2012ರ ಸುಮಾರಿಗೆ ಆ ಬೀದಿಯಲ್ಲಿ ಅಗೆದಾಗ ಊರಿನ ಹಳೇ ಕೋಟೆಗೋಡೆ ಸಿಕ್ಕಿತು. ಅಂದರೆ ಈ ಚೌಕ ಮೊದಲು ಕೋಟೆಯ ಹೊರಗಿನ ಬಯಲು. ರಷ್ಯನ್ನರು 1801ರಲ್ಲಿ ಜಾರ್ಜಿಯಾವನ್ನು ತಮ್ಮ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ ಮೇಲೆ ಊರು ಗೋಡೆ ದಾಟಿ ಬೆಳೆಯಿತು. ಆಗ ಈ ಬಯಲು ಚೌಕವಾಯಿತು.

ನನಗೆ ಅನ್ನಿಸುವುದು ಇಷ್ಟು. ಈ ಚೌಕದ ನಡುವೆ ಏನಿರಬೇಕು ಅಂತ ಪ್ರತಿ ಸರ್ಕಾರವೂ ತೀರ್ಮಾನಿಸಿದೆ, ಆಮೇಲೆ ಬಂದವರು ಅದನ್ನು ಕಿತ್ತಿದ್ದಾರೆ. ಆದರೆ ಸುತ್ತಲಿನ ಕಟ್ಟಡಗಳು ಕೆಲಸ ಬದಲಿಸಿಕೊಂಡು ಉಳಿದಿವೆ. ಊರಿನ ನಿಜವಾದ ನೆನಪು ಇರುವುದು ಅಂಚಿನಲ್ಲಿ. ನಡುವೆ ಇದ್ದು ಹೋದದ್ದರಲ್ಲಿ ನಿಜವಾದ ನಷ್ಟ ಒಂದೇ ಒಂದು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಗೊತ್ತಿರುವವರು ಸೇರಿಸಿ, ತಪ್ಪಿದ್ದರೆ ತಿದ್ದಿ.

ಧಾರವಾಡ ಮಾಸ್ತರ್

ತಂಗಿ, ಬಹಳ ಚೆನ್ನಾಗಿ ಶುರು ಮಾಡಿದ್ದೀಯ. ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು. ರಷ್ಯಾ ಕ್ರಾಂತಿಯ ಪಾಠಕ್ಕೆ ತಯಾರಾಗುವಾಗ ಈ ಚೌಕದ ಹೆಸರು ಎಷ್ಟೋ ಸಲ ಎದುರಾಗಿದೆ. ಇದರ ಹೆಸರುಗಳನ್ನು ಸಾಲಾಗಿ ಇಟ್ಟರೆ ಆ ದೇಶದ ಇನ್ನೂರು ವರ್ಷದ ಕಥೆ ಅದೇ ಹೇಳುತ್ತದೆ.

ಮೊದಲ ಹೆಸರು ಎರಿವಾನ್ ಚೌಕ. ಜನರಲ್ ಪಾಸ್ಕೆವಿಚ್ 1827ರಲ್ಲಿ ಪರ್ಷಿಯನ್ನರಿಂದ ಎರಿವಾನ್ ಕೋಟೆಯನ್ನು ಗೆದ್ದ. ಅದೇ ಇವತ್ತಿನ ಯೆರೆವಾನ್, ಅರ್ಮೇನಿಯಾದ ರಾಜಧಾನಿ. ಗೆದ್ದದ್ದಕ್ಕೆ ಅವನಿಗೆ 'ಎರಿವಾನ್‌ನ ಕೌಂಟ್' ಅಂತ ಬಿರುದು ಸಿಕ್ಕಿತು. ಚೌಕಕ್ಕೆ ಅವನ ಬಿರುದು. ಜಾರ್ಜಿಯಾದ ಊರು, ಅರ್ಮೇನಿಯಾದ ಕೋಟೆ, ರಷ್ಯಾದ ಜನರಲ್! 1918ರಲ್ಲಿ ಜಾರ್ಜಿಯಾ ಸ್ವತಂತ್ರವಾದಾಗ ಮೊದಲ ಸಲ ಸ್ವಾತಂತ್ರ್ಯ ಚೌಕ ಆಯಿತು. ಅದು ಮೂರೇ ವರ್ಷ. 1921ರ ಫೆಬ್ರವರಿ 25ಕ್ಕೆ ಸೋವಿಯತ್ ರಷ್ಯಾದ ಕೆಂಪು ಸೇನೆ ಊರಿನೊಳಗೆ ಬಂತು. ಆಮೇಲೆ ಟ್ರಾನ್ಸ್‌ಕಾಕೇಸಿಯನ್ ಒಕ್ಕೂಟದ (ಜಾರ್ಜಿಯಾ, ಅರ್ಮೇನಿಯಾ, ಅಜರ್ಬೈಜಾನ್ ಸೇರಿದ್ದ ಸೋವಿಯತ್ ಗಣರಾಜ್ಯ) ಹೆಸರು. 1940ರಲ್ಲಿ ಬೆರಿಯಾ ಚೌಕ. ಸ್ಟಾಲಿನ್‌ನ ಗುಪ್ತ ಪೊಲೀಸ್ ಮುಖ್ಯಸ್ಥ ಬೆರಿಯಾ ಬದುಕಿರುವಾಗಲೇ ಅವನ ಹೆಸರು ಇಟ್ಟರು. 1953ರಲ್ಲಿ ಅವನನ್ನು ಬಂಧಿಸಿದ ಕೂಡಲೇ ಬೋರ್ಡ್ ಬದಲಾಗಿ ಲೆನಿನ್ ಚೌಕ ಆಯಿತು. ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಮತ್ತೆ ಸ್ವಾತಂತ್ರ್ಯ ಚೌಕ.

ಮೆಟ್ರೋ ನಿಲ್ದಾಣದ ಹೆಸರೂ ಹೀಗೇ ಬದಲಾಯಿತು, ಅಲ್ವಾ? 1967ರಲ್ಲಿ ತೆರೆದಾಗ ಅದು ಲೆನಿನ್ ಚೌಕ ನಿಲ್ದಾಣ.

ಕೊಪ್ಪದ ಹುಡುಗಿ

ಹೌದು ಸರ್. ಈಗಲೂ ಕೆಲವು ಅಜ್ಜಿಯರು ಟ್ಯಾಕ್ಸಿಯವರಿಗೆ "ಲೆನಿನ್ ಚೌಕ" ಅಂತಲೇ ಹೇಳುವುದನ್ನು ಕೇಳಿದ್ದೇನೆ. ಅವರಿಗೆ ಅದು ರಾಜಕೀಯ ಅಲ್ಲ, ಬಾಯಿಗೆ ಬಂದ ಅಭ್ಯಾಸ.

ಕಟ್ಟಡ ಕಣ್ಣು

ನಾನು ಮೈಸೂರಿನಲ್ಲಿ ಆರ್ಕಿಟೆಕ್ಟ್. ನಡುವೆ ಇದ್ದು ಹೋದ ಒಂದೇ ನಷ್ಟ ಅಂದಿರಲ್ಲ, ಅದು ಆ ಹಳೇ ಥಿಯೇಟರ್ ಇರಬೇಕು. ಅದರ ಚಿತ್ರ ನೋಡಿದ್ದೇನೆ, ಆದರೆ ಕಥೆ ಪೂರ್ತಿ ಗೊತ್ತಿಲ್ಲ. ದಯವಿಟ್ಟು ಬರೆಯಿರಿ.

ಕೊಪ್ಪದ ಹುಡುಗಿ

ಅದೇ. ಬರೆಯುತ್ತೇನೆ. ಇದು ನನಗೆ ತುಂಬಾ ಇಷ್ಟದ ಭಾಗ.

1840ರ ದಶಕದಲ್ಲಿ ಕಾಕಸಸ್‌ಗೆ ರಷ್ಯಾದ ವೈಸ್‌ರಾಯ್ ಆಗಿ ಬಂದವರು ಮಿಖಾಯಿಲ್ ವೊರೊಂತ್ಸೊವ್. ಊರಿಗೆ ಒಂದು ಒಳ್ಳೆಯ ಥಿಯೇಟರ್ ಬೇಕು ಅಂತ ಅವರ ಆಸೆ. ಖಜಾನೆಯಿಂದ ಅಷ್ಟು ದುಡ್ಡು ಹಾಕುವುದು ಕಷ್ಟ. ಆಗ ಅವರು ಅರ್ಮೇನಿಯನ್ ವ್ಯಾಪಾರಿ ಗಬ್ರಿಯೇಲ್ ತಮಾಮ್ಶೇವ್ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಚೌಕದ ನಡುವಿನ ಜಾಗ ಪುಕ್ಕಟೆ ಕೊಡುತ್ತೇವೆ, ನೀವು ಕಟ್ಟಡ ಕಟ್ಟಿ, ಸುತ್ತ ಅಂಗಡಿ ಹಾಕಿ ಸಂಪಾದಿಸಿಕೊಳ್ಳಿ, ಆದರೆ ಒಳಗೆ ಒಂದು ಥಿಯೇಟರ್ ಇರಲೇಬೇಕು ಅಂತ.

ಹೀಗೆ ಹುಟ್ಟಿದ ಕಟ್ಟಡ ಅದು. ಹೊರಗೆ ನಾಲ್ಕೂ ಕಡೆ ಸಾಲು ಅಂಗಡಿಗಳು, ಹೊಟ್ಟೆಯೊಳಗೆ ಒಪೆರಾ ಥಿಯೇಟರ್. ಜನ ಅದನ್ನು ತಮಾಮ್ಶೇವ್‌ನ ಕ್ಯಾರವಾನ್‌ಸರಾಯ್ ಅಂತ ಕರೆದರು. ದೂರದಿಂದ ಸರಕು ತರುವ ವ್ಯಾಪಾರಿಗಳು ಇಳಿದುಕೊಳ್ಳುವ, ವ್ಯಾಪಾರ ಮಾಡುವ ಛತ್ರ ಅದು. ಕಟ್ಟಿಸಿದ ಆರ್ಕಿಟೆಕ್ಟ್ ಇಟಲಿಯ ಜಿಯೊವಾನಿ ಸ್ಕುದಿಯೇರಿ. ಒಳಗಿನ ಅಲಂಕಾರ ಮಾಡಿದ್ದು ಚಿತ್ರಕಾರ ಗ್ರಿಗೋರಿ ಗಗಾರಿನ್. (ಬಾಹ್ಯಾಕಾಶಕ್ಕೆ ಹೋದ ಗಗಾರಿನ್ ಬೇರೆ. ಇವರು ನೂರು ವರ್ಷ ಹಿಂದಿನವರು.) 1851ರ ಏಪ್ರಿಲ್‌ನಲ್ಲಿ ತೆರೆಯಿತು. ಅದೇ ನವೆಂಬರ್‌ನಲ್ಲಿ ಇಟಲಿಯ ತಂಡ ಬಂದು ಮೊದಲ ಒಪೆರಾ ಆಡಿತು. ಫ್ರೆಂಚ್ ಲೇಖಕ ಅಲೆಕ್ಸಾಂಡರ್ ಡ್ಯೂಮಾ 1858ರಲ್ಲಿ ಈ ಊರಿಗೆ ಬಂದಾಗ ಅದರ ಒಳಾಂಗಣ ನೋಡಿ ಮನಸೋತರು.

ಯೋಚನೆ ಮಾಡಿ. ಹೊರಗೆ ಬಟ್ಟೆ, ಕಾರ್ಪೆಟ್, ಮಸಾಲೆ ಕೊಳ್ಳುವವರ ಗದ್ದಲ. ಒಂಟೆಗಳು, ಗಾಡಿಗಳು. ಬಾಗಿಲು ದಾಟಿದರೆ ವಯೊಲಿನ್ ಸದ್ದು. ಇಡೀ ಊರಿಗೆ ಅಲ್ಲಿ ಹೋಗಲು ಏನಾದರೂ ಒಂದು ಕಾರಣ ಇತ್ತು.

1874ರ ಅಕ್ಟೋಬರ್ 11ರಂದು ಥಿಯೇಟರ್‌ಗೆ ಬೆಂಕಿ ಬಿತ್ತು. ಗಗಾರಿನ್ ಅವರ ಅಲಂಕಾರ, ವೇಷಭೂಷಣ, ಸಂಗೀತದ ಪುಸ್ತಕಗಳು ಎಲ್ಲವೂ ಹೋದವು. ಹೊಸ ಒಪೆರಾ ಭವನವನ್ನು ಇಲ್ಲಿ ಕಟ್ಟಲಿಲ್ಲ, ರುಸ್ತಾವೇಲಿ ರಸ್ತೆಯಲ್ಲಿ ಕಟ್ಟಿದರು. ಅದು ಮುಗಿದದ್ದು 1896ರಲ್ಲಿ. ಚೌಕದಲ್ಲಿ ಅಂಗಡಿಗಳ ಕಟ್ಟಡ ಮಾತ್ರ ಉಳಿಯಿತು. 1930ರ ದಶಕದಲ್ಲಿ ಸೋವಿಯತ್ ಆಡಳಿತ ಅದನ್ನೂ ಕೆಡವಿ ಚೌಕವನ್ನು ಬಯಲು ಮಾಡಿತು. ಮೆರವಣಿಗೆಗೆ ಜಾಗ ಬೇಕಿತ್ತು.

ನನ್ನ ಸಂಕಟ ಇಲ್ಲೇ. ಅದಾದ ಮೇಲೆ ಈ ಚೌಕದ ನಡುವೆ ಬಂದದ್ದೆಲ್ಲ ಕೆಳಗಿನಿಂದ ತಲೆ ಎತ್ತಿ ನೋಡಬೇಕಾದದ್ದು. ಒಳಗೆ ಹೋಗಬಹುದಾದದ್ದು ಯಾವುದೂ ಮತ್ತೆ ಬರಲಿಲ್ಲ.

ಧಾರವಾಡ ಮಾಸ್ತರ್

ಆ ಅಂಗಡಿಗಳಿಗೆ ಅಲ್ಲಿಯವರು ಏನನ್ನುತ್ತಿದ್ದರು ಗೊತ್ತೇ ತಂಗಿ? ಜಾರ್ಜಿಯನ್‌ನಲ್ಲಿ 'ದುಕಾನಿ' ಅನ್ನುವ ಪದ ಇದೆ. ನಮ್ಮ ಕಡೆ ಇವತ್ತಿಗೂ ಅಂಗಡಿಗೆ ದುಕಾನ ಅನ್ನುತ್ತೇವೆ. ನೀನು ಮೈದಾನ ಹುಡುಕಿದೆ, ನಾನು ದುಕಾನ ಹುಡುಕಿದೆ.

ಕೊಪ್ಪದ ಹುಡುಗಿ

ಅಯ್ಯೋ ಹೌದಲ್ಲ ಸರ್! ಇಲ್ಲಿ ಈಗ ದುಕಾನಿ ಅಂದರೆ ಹಳೇ ಕಾಲದ ಊಟದ ಮನೆ, ವೈನ್ ಕೊಡುವ ಜಾಗ ಅನ್ನುವ ಅರ್ಥವೂ ಇದೆ. ನಾನು ದಿನಾ ಬೋರ್ಡ್ ಓದುತ್ತೇನೆ, ಒಮ್ಮೆಯೂ ಜೋಡಿಸಿ ನೋಡಿರಲಿಲ್ಲ.

ಬಳ್ಳಾರಿ ಓದುಗ

ಇದೇ ಚೌಕದಲ್ಲಿ ತಾನೇ ಸ್ಟಾಲಿನ್ ಬ್ಯಾಂಕ್ ದರೋಡೆ ಮಾಡಿದ್ದು? ಒಂದು ಕಡೆ ಓದಿದ್ದೆ, ಅವನೇ ಛಾವಣಿ ಮೇಲೆ ನಿಂತು ಮೊದಲ ಬಾಂಬ್ ಎಸೆದ ಅಂತ. ನಿಜವಾ?

ಧಾರವಾಡ ಮಾಸ್ತರ್

ಚೌಕ ಇದೇ. ಆದರೆ ಛಾವಣಿಯ ಮಾತನ್ನು ನಂಬಬೇಡಿ. ಆ ದಿನ ಸ್ಟಾಲಿನ್ ಎಲ್ಲಿದ್ದ ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ಸಂಚು ಹೂಡುವುದರಲ್ಲಿ, ಒಳಗಿನ ಮಾಹಿತಿ ತರಿಸುವುದರಲ್ಲಿ ಅವನ ಕೈ ಇತ್ತು. ಚೌಕದಲ್ಲಿ ನಿಂತು ನಡೆಸಿದವನು ಕಾಮೊ. ಅದು ಅಡ್ಡಹೆಸರು. ನಿಜ ಹೆಸರು ಸಿಮೊನ್ ತೇರ್‌ಪೆತ್ರೊಸ್ಯಾನ್. ಸ್ಟಾಲಿನ್ ಹುಟ್ಟಿದ ಗೋರಿ ಪಟ್ಟಣದವನೇ.

ದಿನ 1907ರ ಜೂನ್ 26. ರಷ್ಯಾದ ಹಳೇ ಪಂಚಾಂಗದಲ್ಲಿ ಜೂನ್ 13. ಬೆಳಗ್ಗೆ ಹತ್ತೂವರೆ ಸುಮಾರಿಗೆ ಸರ್ಕಾರಿ ಬ್ಯಾಂಕಿನ ಹಣ ಕುದುರೆಗಾಡಿಯಲ್ಲಿ ಅಂಚೆ ಕಚೇರಿಯಿಂದ ಹೊರಟು ಈ ಚೌಕಕ್ಕೆ ಬಂತು. ಹಿಂದೆ ಮುಂದೆ ಕೊಸಾಕ್ ಸವಾರರ ಕಾವಲು. ಚೌಕದ ಎದುರಿನ ಟಿಲಿಪುಚುರಿ ಅನ್ನುವ ಹೋಟೆಲಿನಲ್ಲಿ ದರೋಡೆಯವರು ಕುಳಿತು ಕಾಯುತ್ತಿದ್ದರು. ಕಾಮೊ ಸೇನಾಧಿಕಾರಿಯ ವೇಷದಲ್ಲಿ ಗಾಡಿಯಲ್ಲಿ ಸುತ್ತಾಡುತ್ತಿದ್ದ. ಸನ್ನೆ ಸಿಕ್ಕಿತು. ಎಲ್ಲ ಕಡೆಯಿಂದ ಕೈಬಾಂಬ್ ಬಿದ್ದವು. ಕುದುರೆಗಳು ಸತ್ತವು, ಒಂದು ಕುದುರೆ ಬೆದರಿ ಗಾಡಿ ಎಳೆದುಕೊಂಡು ಓಡಿತು. ಅದರ ಕಾಲಿಗೆ ಮತ್ತೊಂದು ಬಾಂಬ್ ಎಸೆದು ಹಣದ ಚೀಲ ಎತ್ತಿಕೊಂಡರು.

ಪತ್ರಾಗಾರದ ದಾಖಲೆಗಳ ಪ್ರಕಾರ ಸತ್ತವರು 40, ಗಾಯಗೊಂಡವರು 50. ಪೇಟೆಯ ದಿನ, ಜನ ತುಂಬಿದ ಚೌಕ. ಈ ಕಥೆಯನ್ನು ಸಾಹಸದ ಕಥೆಯಂತೆ ಹೇಳುವವರು ಬಹಳ ಜನ. ನಾನು ತರಗತಿಯಲ್ಲಿ ಮೊದಲು ಈ ಸಂಖ್ಯೆ ಬರೆಯುತ್ತಿದ್ದೆ, ಆಮೇಲೆ ಕಥೆ.

ಹಣ ಎಷ್ಟು ಅನ್ನುವುದಕ್ಕೂ ಎರಡು ಲೆಕ್ಕ ಇವೆ, 2,41,000 ರೂಬಲ್ ಮತ್ತು 3,41,000 ರೂಬಲ್. ಅದನ್ನು ಹವಾಮಾನ ವೀಕ್ಷಣಾಲಯದಲ್ಲಿ ಬಚ್ಚಿಟ್ಟರು. ಸ್ಟಾಲಿನ್ ಹಿಂದೆ ಅಲ್ಲೇ ಕೆಲಸ ಮಾಡಿದ್ದ. ಕಾಮೊ ಅದನ್ನು ಫಿನ್ಲೆಂಡಿನಲ್ಲಿ ಅಡಗಿದ್ದ ಲೆನಿನ್‌ಗೆ ಮುಟ್ಟಿಸಿದ. ಆದರೆ ಹೆಚ್ಚಿನದು 500 ರೂಬಲ್‌ನ ದೊಡ್ಡ ನೋಟುಗಳು. ಅವುಗಳ ನಂಬರ್ ಪೊಲೀಸರ ಬಳಿ ಇತ್ತು. ಮುರಿಸಲು ಹೋದವರು ಯೂರೋಪಿನಲ್ಲಿ ಸಿಕ್ಕಿಬಿದ್ದರು. ಮುಂದೆ ಸೋವಿಯತ್ ವಿದೇಶಾಂಗ ಮಂತ್ರಿಯಾದ ಲಿತ್ವಿನೊವ್ 1908ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸಿಕ್ಕಿದ್ದು ಹೀಗೆ.

ಇನ್ನೊಂದು ಮಾತು. ಆ ವರ್ಷ ಮೇ ತಿಂಗಳಲ್ಲಷ್ಟೇ ಲಂಡನ್‌ನಲ್ಲಿ ನಡೆದ ಲೆನಿನ್, ಸ್ಟಾಲಿನ್ ಇದ್ದ ಕ್ರಾಂತಿಕಾರಿ ಪಕ್ಷದ ಸಮ್ಮೇಳನವೇ ಇಂಥ ದರೋಡೆ ಬೇಡ ಅಂತ ತೀರ್ಮಾನಿಸಿತ್ತು.

ಬಳ್ಳಾರಿ ಓದುಗ

ತಿದ್ದಿದ್ದಕ್ಕೆ ಧನ್ಯವಾದ ಸರ್. ಕಾಮೊ ಆಮೇಲೆ ಏನಾದ?

ಕೊಪ್ಪದ ಹುಡುಗಿ

ಅವನು ಮತ್ತೆ ಇದೇ ಚೌಕಕ್ಕೆ ಬಂದ. ಬರ್ಲಿನ್‌ನಲ್ಲಿ ಸಿಕ್ಕಿಬಿದ್ದಾಗ ವರ್ಷಗಟ್ಟಲೆ ಹುಚ್ಚನಂತೆ ನಟಿಸಿದ. ಕ್ರಾಂತಿಯ ನಂತರ ಬಿಡುಗಡೆಯಾಗಿ ಕೊನೆಗೆ ಟಿಬಿಲಿಸಿಗೆ ಮರಳಿದ. 1922ರ ಜುಲೈನಲ್ಲಿ ಸೈಕಲ್‌ನಲ್ಲಿ ಹೋಗುವಾಗ ಲಾರಿ ಡಿಕ್ಕಿ ಹೊಡೆದು ಸತ್ತ. ಊರಿನಲ್ಲಿ ಲಾರಿಗಳೇ ಅಪರೂಪವಾಗಿದ್ದ ಕಾಲ, ಹಾಗಾಗಿ ಅನುಮಾನ ಇವತ್ತಿಗೂ ಇದೆ. ಅವನನ್ನು ಹೂಳಿದ್ದು ಚೌಕಕ್ಕೆ ಅಂಟಿಕೊಂಡಿರುವ ಪುಷ್ಕಿನ್ ಉದ್ಯಾನದಲ್ಲಿ. ಬಾಂಬ್ ಬಿದ್ದ ಜಾಗದ ಪಕ್ಕದಲ್ಲೇ. ಶಿಲ್ಪಿ ಯಾಕೊಬ್ ನಿಕೊಲಾದ್ಸೆ ಮಾಡಿದ ಸ್ಮಾರಕವನ್ನೂ ಇಟ್ಟರು. ಆಮೇಲೆ ಸ್ಟಾಲಿನ್ ಕಾಲದಲ್ಲೇ ಅದನ್ನು ತೆಗೆದು, ದೇಹವನ್ನೂ ಬೇರೆಡೆಗೆ ಸಾಗಿಸಿದರು. ಈಗ ಆ ಉದ್ಯಾನದಲ್ಲಿ 1892ರಲ್ಲಿ ನಿಲ್ಲಿಸಿದ ಕವಿ ಪುಷ್ಕಿನ್‌ನ ಪುತ್ಥಳಿ ಮಾತ್ರ ಇದೆ. ಮಧ್ಯಾಹ್ನ ಅಲ್ಲಿನ ಬೆಂಚುಗಳಲ್ಲಿ ಮುದುಕರು ಕೂತು ಹರಟುತ್ತಾರೆ. ನಾನೂ ಅಲ್ಲಿ ಕೂತು ಪರೀಕ್ಷೆಗೆ ಓದಿದ್ದೇನೆ.

ಕಟ್ಟಡ ಕಣ್ಣು

ಅಂಚಿನ ಕಟ್ಟಡಗಳ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ. ಚೌಕದ ದಕ್ಷಿಣಕ್ಕೆ ಗಡಿಯಾರ ಗೋಪುರ ಇರುವ ಕಟ್ಟಡ ಇದೆಯಲ್ಲ, ಅದು ಹಳೇ ನಗರಸಭೆ. ಇದರ ಚಿತ್ರಗಳನ್ನು ಇಟ್ಟುಕೊಂಡು ಸಾಕಷ್ಟು ಓದಿದ್ದೇನೆ. 1830ರ ದಶಕದಲ್ಲಿ ಅದು ಪೊಲೀಸ್ ಕಚೇರಿ. 1880ರ ದಶಕದಲ್ಲಿ ಜರ್ಮನ್ ಮೂಲದ ಆರ್ಕಿಟೆಕ್ಟ್ ಪೌಲ್ ಶ್ಟೆರ್ನ್ ಅದನ್ನು ಪೂರ್ತಿ ಬದಲಿಸಿ, ಕುದುರೆಲಾಳದ ಆಕಾರದ ಕಮಾನು, ಪಟ್ಟೆ ಪಟ್ಟೆ ಗೋಡೆ ಇರುವ ಮೂರಿಶ್ ಶೈಲಿಗೆ ತಂದರು. ಮೂರನೇ ಮಹಡಿ ಮತ್ತು ಗಡಿಯಾರ ಗೋಪುರ 1910ರಿಂದ 1912ರೊಳಗೆ ಸೇರಿದ್ದು. ಅಂದರೆ ಈಗ ಒಂದೇ ಕಟ್ಟಡದಂತೆ ಕಾಣುವುದು ಮೂರು ಕಾಲದ ಕೆಲಸ.

ಒಂದು ವಿಷಯ ಗಮನಿಸಿ. ಮೂರಿಶ್ ಅಂದರೆ ಸ್ಪೇನ್ ಮತ್ತು ಉತ್ತರ ಆಫ್ರಿಕಾದ ಅರಬ್ ಕಟ್ಟಡಗಳ ಶೈಲಿ. ಜಾರ್ಜಿಯಾಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಜಾರ್ಜಿಯಾದ ಸ್ವಂತ ಶೈಲಿ ನೋಡಬೇಕಾದರೆ ಕಲ್ಲಿನ ಚರ್ಚ್‌ಗಳನ್ನು ನೋಡಬೇಕು, ಶಂಕುವಿನಂತೆ ಮೊನಚಾದ ಛಾವಣಿ, ಗೋಡೆಯ ಮೇಲೆ ದ್ರಾಕ್ಷಿ ಬಳ್ಳಿಯ ಕೆತ್ತನೆ. ಆದರೆ ಪೀಟರ್ಸ್‌ಬರ್ಗ್‌ನಿಂದ ನೋಡುವವರಿಗೆ ಟಿಬಿಲಿಸಿ ಅಂದರೆ 'ಪೂರ್ವ'. ಪೂರ್ವ ಅಂದಮೇಲೆ ಇಂಥ ಕಮಾನು ಇರಬೇಕು ಅನ್ನುವ ಕಲ್ಪನೆ. ವಿಕ್ಟರ್ ಶ್ರೋಟರ್ ಕಟ್ಟಿದ ಹೊಸ ಒಪೆರಾ ಭವನವೂ ಅದೇ ಶೈಲಿಯದ್ದು.

ಆದರೂ ನನಗೆ ಆ ಕಟ್ಟಡದ ಮೇಲೆ ಸಿಟ್ಟಿಲ್ಲ. ನೂರು ವರ್ಷಕ್ಕಿಂತ ಜಾಸ್ತಿ ಕಾಲ ಊರಿನ ಜನ ಆ ಗಡಿಯಾರ ನೋಡಿ ಸಮಯ ತಿಳಿದಿದ್ದಾರೆ. ಈಗ ಅದು ಅವರದ್ದೇ.

ಕೊಪ್ಪದ ಹುಡುಗಿ

ಈಗಲೂ ನಗರದ ಪ್ರತಿನಿಧಿಗಳ ಸಭೆ, ಅಂದರೆ ಸಕ್ರೆಬುಲೊ, ಅಲ್ಲೇ ಕೂರುತ್ತದೆ. ಪೊಲೀಸ್ ಕಚೇರಿಯಾಗಿ ಹುಟ್ಟಿದ ಕಟ್ಟಡದಲ್ಲಿ!

ಕನ್ನಡ ಶಾಲೆ ಟೀಚರ್

ಎಲ್ಲ ಓದುತ್ತಾ ಬಂದೆ. ಸ್ಟಾಲಿನ್ ಪಾದ್ರಿಯಾಗಲು ಓದಿದ ಸೆಮಿನರಿಯೂ ಈ ಚೌಕದಲ್ಲೇ ಇತ್ತು ಅಂತ ಕೇಳಿದ್ದೆ. ಅಲ್ಲಿ ಮಕ್ಕಳು ತಮ್ಮ ಭಾಷೆ ಮಾತಾಡಬಾರದು ಅನ್ನುವ ನಿಯಮ ಇತ್ತಂತೆ. ಯಾರಾದರೂ ಹೇಳುತ್ತೀರಾ?

ಧಾರವಾಡ ಮಾಸ್ತರ್

ಹೌದು ಟೀಚರ್. ಚೌಕದ ಪಕ್ಕ, ಪುಷ್ಕಿನ್ ಉದ್ಯಾನಕ್ಕೆ ತಾಗಿ, ಬಿಳಿ ಕಂಬಗಳ ಒಂದು ಕಟ್ಟಡ ಇದೆ. 1830ರ ದಶಕದ್ದು. ಕಟ್ಟಿಸಿದ್ದು ಝುಬಾಲಶ್ವಿಲಿ ಅನ್ನುವ ವ್ಯಾಪಾರಿ ಮನೆತನ. ಮುಂದೆ ಅದು ಸೆಮಿನರಿ ಆಯಿತು. ಪಾಠ ರಷ್ಯನ್‌ನಲ್ಲಿ. ಜಾರ್ಜಿಯನ್ ಮಾತಾಡಿದರೆ ಶಿಕ್ಷೆ. ಜಾರ್ಜಿಯಾದ ಹಳ್ಳಿಗಳ ಚರ್ಚ್‌ಗಳಿಗೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯಲ್ಲೇ ಜಾರ್ಜಿಯನ್ ಬೇಡ! ಸಿಟ್ಟು ಎಷ್ಟಿತ್ತು ಅಂದರೆ, 1886ರಲ್ಲಿ ಹೊರಹಾಕಲಾದ ಒಬ್ಬ ವಿದ್ಯಾರ್ಥಿ ಶಾಲೆಯ ಮುಖ್ಯಸ್ಥ, ರೆಕ್ಟರ್ ಚುದೆತ್ಸ್‌ಕಿಯನ್ನು ಇರಿದು ಕೊಂದ. 1893ರ ಕೊನೆಗೆ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಜಾರ್ಜಿಯನ್ ಕಲಿಸಬೇಕು ಅನ್ನುವುದೂ ಒಂದು. 87 ಜನರನ್ನು ಹೊರಹಾಕಿದರು.

ಅದರ ಮುಂದಿನ ವರ್ಷ, 1894ರಲ್ಲಿ, ಗೋರಿಯಿಂದ ಹದಿನೈದು ವರ್ಷದ ಹುಡುಗ ಬಂದು ಸೇರಿದ. ಅವನೇ ಸ್ಟಾಲಿನ್. 1899ರ ಮೇ ತಿಂಗಳಲ್ಲಿ ಬಿಟ್ಟ. ಮಾರ್ಕ್ಸ್‌ವಾದ ಪ್ರಚಾರ ಮಾಡಿದ್ದಕ್ಕೆ ಹೊರಹಾಕಿದರು ಅಂತ ಅವನು ಮುಂದೆ ಹೇಳಿಕೊಂಡ. ಶಾಲೆಯ ದಾಖಲೆಯಲ್ಲಿ ಇರುವುದು ಪರೀಕ್ಷೆಗೆ ಹಾಜರಾಗಲಿಲ್ಲ ಅಂತ. ಎಂಟು ವರ್ಷದ ಮೇಲೆ ಅದೇ ಶಾಲೆಯ ಎದುರು ಬಾಂಬ್ ಸಿಡಿದವು.

ಕೊಪ್ಪದ ಹುಡುಗಿ

ಆ ಕಟ್ಟಡದ ಕಥೆ ಅಲ್ಲಿಗೆ ನಿಲ್ಲಬಾರದು. ದಯವಿಟ್ಟು ಎಲ್ಲರೂ ಇದನ್ನು ಓದಿ. ಪ್ರವಾಸಿ ಪುಸ್ತಕಗಳಲ್ಲಿ 'ಸ್ಟಾಲಿನ್ ಓದಿದ ಜಾಗ' ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಸೋವಿಯತ್ ಕಾಲದಲ್ಲಿ ಅದು ಜಾರ್ಜಿಯಾದ ಕಲಾ ಮ್ಯೂಸಿಯಂ ಆಯಿತು. ದಶಕಗಳ ಕಾಲ ಅದನ್ನು ಕಟ್ಟಿ ಬೆಳೆಸಿದ ಶಾಲ್ವಾ ಅಮಿರಾನಶ್ವಿಲಿ ಅವರ ಹೆಸರೇ ಅದಕ್ಕಿದೆ. 999ನೇ ಇಸವಿಯ ಬೇದಿಯಾದ ಚಿನ್ನದ ಪಾತ್ರೆ, ರಾಣಿ ತಾಮಾರ್ ಧರಿಸುತ್ತಿದ್ದ ಶಿಲುಬೆ, ಖಾಖುಲಿಯ ಮೂರು ಭಾಗದ ದೊಡ್ಡ ಐಕಾನ್ (ಪೂಜಿಸುವ ಚಿತ್ರಫಲಕ), ಎಲ್ಲ ಈ ಸಂಗ್ರಹದ್ದು. ಪಿರೋಸ್ಮಾನಿಯ ಚಿತ್ರಗಳೂ ಇದರ ಸಂಗ್ರಹದಲ್ಲಿವೆ. ಬಡತನದಲ್ಲಿ ಬದುಕಿ ದುಕಾನಿಗಳಿಗೆ ಬೋರ್ಡ್ ಬರೆದ ಚಿತ್ರಕಾರ ಅವರು.

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಎಕ್ವ್ತಿಮೆ ತಾಕಾಯಿಶ್ವಿಲಿ, ಇತಿಹಾಸಕಾರರು. 1921ರಲ್ಲಿ ಸರ್ಕಾರ ದೇಶ ಬಿಟ್ಟು ಹೊರಟಾಗ ಚರ್ಚ್ ಮತ್ತು ಮ್ಯೂಸಿಯಂಗಳ ನಿಧಿಯನ್ನು 39 ಪೆಟ್ಟಿಗೆಗಳಲ್ಲಿ ತುಂಬಿ ಫ್ರಾನ್ಸ್‌ಗೆ ಒಯ್ದರು. ಕಾವಲಿಗೆ ಇವರು ಹೋದರು. ಇಪ್ಪತ್ತನಾಲ್ಕು ವರ್ಷ ಕಾದರು. ಹೆಂಡತಿ ಅಲ್ಲೇ ತೀರಿಕೊಂಡರು. ಕೈಯಲ್ಲಿ ಕಾಸಿರಲಿಲ್ಲ. ಆದರೂ ಒಂದೇ ಒಂದು ವಸ್ತುವನ್ನೂ ಮಾರಲಿಲ್ಲ, ಕೇಳಿದ ವಿದೇಶಿ ಮ್ಯೂಸಿಯಂಗಳಿಗೆ ಕೊಡಲಿಲ್ಲ. 1945ರಲ್ಲಿ ಅಷ್ಟೂ ನಿಧಿಯನ್ನು ವಿಮಾನದಲ್ಲಿ ಟಿಬಿಲಿಸಿಗೆ ತಂದರು. ಅದಾದ ಮೇಲೆ ಅವರಿಗೆ ಸಿಕ್ಕಿದ್ದು ಗೃಹಬಂಧನ. 1953ರಲ್ಲಿ ತೀರಿಕೊಂಡರು. 2002ರಲ್ಲಿ ಜಾರ್ಜಿಯಾದ ಚರ್ಚ್ ಅವರನ್ನು ಸಂತ ಅಂತ ಘೋಷಿಸಿತು. ಅವರು ಕಾಪಾಡಿದ ಚರ್ಚ್ ವಸ್ತುಗಳಲ್ಲಿ ಹಲವು ಈ ಮ್ಯೂಸಿಯಂ ಸೇರಿದವು.

ಜಾರ್ಜಿಯನ್ ಮಾತಾಡಿದ್ದಕ್ಕೆ ಹುಡುಗರನ್ನು ಶಿಕ್ಷಿಸಿದ ಗೋಡೆಗಳೇ ಜಾರ್ಜಿಯಾದ ಸಾವಿರ ವರ್ಷದ ನೆನಪನ್ನು ಇಟ್ಟುಕೊಂಡವು. ನಾನು ಅಂಚು ಅಂಚು ಅನ್ನುವುದು ಇದಕ್ಕೇ.

ಈಗ ಆತಂಕದ ಮಾತು. ಕಟ್ಟಡ ಹಳೆಯದಾಗಿದೆ, ಸ್ಥಿತಿ ಚೆನ್ನಾಗಿಲ್ಲ. 2021ರಲ್ಲಿ ಸಂಗ್ರಹವನ್ನು ಇಲ್ಲಿಂದ ಸಾಗಿಸುವ ಮಾತು ಸರ್ಕಾರದಿಂದ ಬಂದಾಗ ಮ್ಯೂಸಿಯಂನಲ್ಲಿ ಕೆಲಸ ಮಾಡುವವರು, ಕಲಾ ಇತಿಹಾಸಕಾರರು ಗಾಬರಿಯಾದರು. ವಸ್ತುಗಳಿಗೆ ಏನಾಗುತ್ತದೆ, ಕಟ್ಟಡವನ್ನೇ ಕೆಡವಿಬಿಟ್ಟರೆ ಏನು ಗತಿ ಅನ್ನುವ ಭಯ. ರಿಪೇರಿ ಬೇಡ ಅಂತ ಯಾರೂ ಅನ್ನುತ್ತಿಲ್ಲ. ಆದರೆ ಕೆಡವಿದರೆ ಈ ಚೌಕದ ಅತಿ ಹಳೇ ಸಾಕ್ಷಿಗಳಲ್ಲಿ ಒಂದು ಹೋಗುತ್ತದೆ.

ಕನ್ನಡ ಶಾಲೆ ಟೀಚರ್

ತಾಕಾಯಿಶ್ವಿಲಿ ಅವರ ಬಗ್ಗೆ ಓದಿ ಕಣ್ಣು ತುಂಬಿ ಬಂತು. ನಾಳೆ ಏಳನೇ ತರಗತಿಯ ಮಕ್ಕಳಿಗೆ ಈ ಕಥೆ ಹೇಳುತ್ತೇನೆ.

ಬಳ್ಳಾರಿ ಓದುಗ

ಲೆನಿನ್ ಪ್ರತಿಮೆ ಯಾವಾಗ ಹೋಯಿತು? ಈಗಿನ ಚಿನ್ನದ ಮೂರ್ತಿ ಯಾರದ್ದು?

ಕೊಪ್ಪದ ಹುಡುಗಿ

ಲೆನಿನ್ 1956ರಲ್ಲಿ ಬಂದ, 1991ರ ಆಗಸ್ಟ್‌ನಲ್ಲಿ ಕೆಳಗಿಳಿದ. ಆಮೇಲೆ ಹದಿನೈದು ವರ್ಷ ನಡುವೆ ಏನೂ ಇರಲಿಲ್ಲ. 2006ರ ನವೆಂಬರ್ 23ರಂದು ಈಗಿನ ಕಂಬ ಬಂತು. ಡ್ರ್ಯಾಗನ್ ಕೊಲ್ಲುತ್ತಿರುವ ಸಂತ ಜಾರ್ಜ್, ಈ ದೇಶದ ಕಾಯುವ ಸಂತ. ಆ ದಿನ ಇಲ್ಲಿ ಅವರ ಹಬ್ಬ. ಒಟ್ಟು ಎತ್ತರ 35 ಮೀಟರ್, ಮೂರ್ತಿ ಮಾತ್ರ 5.6 ಮೀಟರ್, ಕಂಚಿನ ಮೇಲೆ ಚಿನ್ನದ ಲೇಪ. ಮಾಡಿದವರು ಜುರಾಬ್ ತ್ಸೆರೆತೆಲಿ.

ಧಾರವಾಡ ಮಾಸ್ತರ್

ತಂಗಿ, ಈಗ ಒಂದು ವಿಷಯದಲ್ಲಿ ನಿನ್ನ ಜೊತೆ ನನಗೆ ಭಿನ್ನಾಭಿಪ್ರಾಯ ಇದೆ. ತಮಾಮ್ಶೇವ್‌ನ ಕಟ್ಟಡ ಕೆಡವಿದ್ದು ನಷ್ಟವೇ. ಒಪ್ಪುತ್ತೇನೆ. ಆದರೆ ಬಯಲಾದದ್ದರಿಂದ ನಷ್ಟ ಮಾತ್ರ ಆಯಿತು ಅನ್ನಬೇಡ. ಮೆರವಣಿಗೆಗೆ ಅಂತ ಅವರು ಮಾಡಿದ ಬಯಲನ್ನು ಜನ ತಮ್ಮದು ಮಾಡಿಕೊಂಡರು. 2003ರ ನವೆಂಬರ್‌ನಲ್ಲಿ, ಚುನಾವಣೆಯಲ್ಲಿ ಮೋಸ ಆಯಿತು ಅಂತ ಸಾವಿರಾರು ಜನ ಸೇರಿದ್ದು ಈ ಚೌಕದಲ್ಲಿ ಮತ್ತು ರುಸ್ತಾವೇಲಿಯಲ್ಲಿ. ಗುಲಾಬಿ ಹೂ ಹಿಡಿದು ಸಂಸತ್ತಿಗೆ ಹೋದರು. ಅಧ್ಯಕ್ಷ ಶೆವರ್ದ್‌ನಾದ್ಸೆ ರಾಜೀನಾಮೆ ಕೊಟ್ಟರು. ನಡುವೆ ಅಂಗಡಿಗಳ ದೊಡ್ಡ ಕಟ್ಟಡ ಇದ್ದಿದ್ದರೆ ಅಷ್ಟು ಜನ ಎಲ್ಲಿ ನಿಲ್ಲುತ್ತಿದ್ದರು? ಆಗ ನಡುವೆ ಲೆನಿನ್ ಇರಲಿಲ್ಲ, ಸಂತ ಜಾರ್ಜ್ ಇನ್ನೂ ಬಂದಿರಲಿಲ್ಲ. ಆ ಹದಿನೈದು ವರ್ಷ ನಡು ಖಾಲಿ ಇತ್ತು ಅಂತ ನೀನು ಒಂದೇ ಸಾಲಿನಲ್ಲಿ ದಾಟಿದೆ. ನನಗೆ ಆ ಖಾಲಿ ವರ್ಷಗಳೇ ಮುಖ್ಯ ಅನ್ನಿಸುತ್ತವೆ.

2005ರ ಮೇ 10ರಂದು ಅಮೆರಿಕದ ಅಧ್ಯಕ್ಷ ಬುಷ್ ಇಲ್ಲೇ ಭಾಷಣ ಮಾಡಿದಾಗಲೂ ಲಕ್ಷದಷ್ಟು ಜನ ಸೇರಿದ್ದರು. ಅವತ್ತು ಒಬ್ಬ ಕರವಸ್ತ್ರದಲ್ಲಿ ಸುತ್ತಿದ ಗ್ರೆನೇಡ್ ಎಸೆದ. ಬಟ್ಟೆ ಬಿಗಿಯಾಗಿ ಸುತ್ತಿದ್ದರಿಂದ ಅದು ಸಿಡಿಯಲಿಲ್ಲ. 1907ರ ಲೆಕ್ಕ ಗೊತ್ತಿರುವ ನನಗೆ ಆ ಸುದ್ದಿ ಓದಿದಾಗ ಮೈ ನಡುಗಿತ್ತು.

ಕೊಪ್ಪದ ಹುಡುಗಿ

ಸರ್, ನಿಮ್ಮ ಮಾತನ್ನು ರಾತ್ರಿಯಿಡೀ ಯೋಚಿಸಿದೆ. ನೀವು ಹೇಳಿದ್ದು ಸರಿ. ಪ್ರತಿ ಮೇ 26ಕ್ಕೆ, 1918ರ ಸ್ವಾತಂತ್ರ್ಯದ ದಿನ, ಹೊಸ ಸೈನಿಕರು ಇದೇ ಚೌಕದಲ್ಲಿ ಪ್ರಮಾಣ ಮಾಡುತ್ತಾರೆ. ಎರಡು ವರ್ಷ ನಾನು ಜನರ ನಡುವೆ ನಿಂತು ನೋಡಿದ್ದೇನೆ. ನನ್ನ ಪಕ್ಕದಲ್ಲಿದ್ದ ಒಬ್ಬ ತಾಯಿ ಸಾಲಿನಲ್ಲಿ ತನ್ನ ಮಗ ಯಾರು ಅಂತ ಬೆರಳಿಟ್ಟು ತೋರಿಸಿದರು. ಎತ್ತರದ ಕಂಬದ ಕಡೆ ಅವತ್ತು ಯಾರ ಕಣ್ಣೂ ಇರಲಿಲ್ಲ. ಹಾಗಾಗಿ ಬಯಲು ಬೇಡ ಅನ್ನುವ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಥಿಯೇಟರ್ ಇದ್ದ ಜಾಗದಲ್ಲಿ ಅದರ ಗುರುತಿಗೆ ನೆಲದಲ್ಲಿ ಒಂದು ಗೆರೆಯಾದರೂ ಇರಬೇಕಿತ್ತು ಅನ್ನುವ ಆಸೆ ಬಿಡುವುದಿಲ್ಲ.

ಕಟ್ಟಡ ಕಣ್ಣು

ನೆಲದಲ್ಲಿ ಬೇರೆ ಬಣ್ಣದ ಕಲ್ಲು ಹಾಕಿ ಹಳೇ ಕಟ್ಟಡದ ಗಡಿ ತೋರಿಸುವುದು ಕಷ್ಟದ ಕೆಲಸವೇ ಅಲ್ಲ. ಬರ್ಲಿನ್ ಗೋಡೆ ಇದ್ದ ಕಡೆ ರಸ್ತೆಯಲ್ಲೇ ಎರಡು ಸಾಲು ಕಲ್ಲು ಹಾಕಿದ್ದಾರೆ. ಮೇಲೆ ವಾಹನ ಓಡಾಡುತ್ತವೆ, ಬಯಲು ಬಯಲಾಗಿಯೇ ಉಳಿಯುತ್ತದೆ. ನಿಮ್ಮಿಬ್ಬರ ಮಾತಿಗೂ ಅದರಲ್ಲಿ ಜಾಗ ಇದೆ.

ಕುಂದಾಪುರ ದಂಪತಿ

ನಾವು ಅಕ್ಟೋಬರ್‌ನಲ್ಲಿ ಟಿಬಿಲಿಸಿಗೆ ಬರುತ್ತಿದ್ದೇವೆ. ಇದೆಲ್ಲ ನೋಡಲು ಎಲ್ಲಿಂದ ಶುರು ಮಾಡಬೇಕು? ನನ್ನ ಯಜಮಾನರಿಗೆ ಮಂಡಿನೋವು, ಜಾಸ್ತಿ ನಡೆಯಲಾರರು.

ಕೊಪ್ಪದ ಹುಡುಗಿ

ಖಂಡಿತ ಬನ್ನಿ ಅಕ್ಕ. ಮೆಟ್ರೋದಲ್ಲಿ ತಾವಿಸುಪ್ಲೆಬಿಸ್ ಮೊಯೆದಾನಿಯಲ್ಲಿ ಇಳಿಯಿರಿ. ಎಸ್ಕಲೇಟರ್ ತುಂಬಾ ಉದ್ದ, ವೇಗವೂ ಜಾಸ್ತಿ, ಭಾವನವರು ಪಕ್ಕದ ಹಿಡಿಕೆ ಬಿಡುವುದು ಬೇಡ. ಹೊರಗೆ ಬರುವುದು ರುಸ್ತಾವೇಲಿಯ ತುದಿಗೆ. ಅಲ್ಲಿಂದ ಚೌಕ ಕೆಲವೇ ಹೆಜ್ಜೆ.

ಮೊದಲು ಪುಷ್ಕಿನ್ ಉದ್ಯಾನಕ್ಕೆ ಹೋಗಿ ಬೆಂಚಿನಲ್ಲಿ ಕೂರಿ. ಭಾವನವರು ಅಲ್ಲೇ ಆರಾಮಾಗಿ ಕೂತಿರಬಹುದು. ಒಂದು ಕಡೆಗೆ ಚೌಕ ಕಾಣುತ್ತದೆ, ಇನ್ನೊಂದು ಕಡೆಗೆ ಬಿಳಿ ಕಂಬಗಳ ಸೆಮಿನರಿ ಕಟ್ಟಡ. ಮ್ಯೂಸಿಯಂ ಒಳಗೆ ಬಿಡುತ್ತಿದ್ದಾರಾ ಅಂತ ಮೊದಲೇ ವಿಚಾರಿಸಿಕೊಂಡು ಬನ್ನಿ. ನಗರಸಭೆಯ ಗಡಿಯಾರವನ್ನು ಸಂಜೆ ನೋಡಿ, ಬಿಸಿಲು ಓರೆಯಾಗಿ ಬಿದ್ದಾಗ ಗೋಡೆಯ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ.

ನಾನು ಊರಿನಲ್ಲೇ ಇರುತ್ತೇನೆ. ಭಾನುವಾರ ಆದರೆ ನಾನೇ ಬಂದು ಸುತ್ತಿಸುತ್ತೇನೆ. ಥಿಯೇಟರ್ ಎಲ್ಲಿತ್ತು ಅಂತ ಅಂದಾಜಿನಲ್ಲಿ ತೋರಿಸುತ್ತೇನೆ. ಬರುವಾಗ ಸ್ವಲ್ಪ ಹುರಿಟ್ಟು, ಒಂದು ಪೊಟ್ಟಣ ಕಾಫಿ ಪುಡಿ ತರಲು ಆಗುತ್ತಾ ಅಕ್ಕ?